ಸೆಲ್ಫ್ ನರಳುವ ಕಾರು: ಬ್ಯಾಟರಿಯನ್ನು ಬೈಯುವ ಮೊದಲು ಮೈನಸ್ ಕೇಬಲ್ ನೋಡಿ

ಕಳೆದ ಆಷಾಢದಲ್ಲಿ ನಮ್ಮ ಕಾರು ಬೆಳಗಿನ ಹೊತ್ತು ಹಟ ಹಿಡಿಯಲು ಶುರು ಮಾಡಿತು. ಕೀಲಿ ತಿರುಗಿಸಿದರೆ ಸೆಲ್ಫ್ ಮೋಟಾರ್ (ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರು) ಎರಡು ಸಲ ನರಳಿ, ಮೂರನೆಯ ಸಲಕ್ಕೆ ‘ಟಕ್’ ಎಂದು ಸುಮ್ಮನಾಗುತ್ತಿತ್ತು. ಇಪ್ಪತ್ತು ವರ್ಷ ದಾಟಿದ ಸಣ್ಣ ಪೆಟ್ರೋಲ್ ಕಾರು ಅದು. ಮನೆ ಕುಂದಾಪುರದ ಕಡೆ, ಸಮುದ್ರ ದೂರವಿಲ್ಲ. ಗೇಟಿನ ಕೊಂಡಿಯಿಂದ ಹಿಡಿದು ಅಂಗಳದ ಬಟ್ಟೆ ತಂತಿಯವರೆಗೆ ಎಲ್ಲವನ್ನೂ ಉಪ್ಪುಗಾಳಿ ತಿನ್ನುವ ಜಾಗದಲ್ಲಿ ಕಾರಿಗೆ ಮಾತ್ರ ವಿನಾಯಿತಿ ಸಿಗುವುದಿಲ್ಲ.

ಪೇಟೆಯ ಅಂಗಡಿಯವರು ಬಾನೆಟ್ ಎತ್ತುವ ಮೊದಲೇ ತೀರ್ಪು ಕೊಟ್ಟರು. “ಬ್ಯಾಟರಿ ಹೋಯಿತು ಮಾರಾಯರೇ. ಹಾಕಿ ಎಷ್ಟು ವರ್ಷವಾಯಿತು?” ಮೂರು ವರ್ಷ ಎಂದೆ. “ಹಾಗಾದರೆ ಹೋಗಲೇಬೇಕು” ಎಂದರು. ಹೊಸದನ್ನು ಹಾಕಿಸಿಕೊಂಡು ಬಂದೆ. ನಾಲ್ಕು ದಿನ ಎಲ್ಲ ಸರಿಯಿತ್ತು, ಐದನೆಯ ದಿನ ಮತ್ತೆ ಅದೇ ನರಳಾಟ. ಅಂದು ಬಾನೆಟ್ ಎತ್ತಿ ನಿಂತಿದ್ದ ಭಾವ ಕ್ಲಚ್ ಕೇಬಲ್ಲಿಗೆ ಕೈ ತಾಗಿಸಿ ಥಟ್ಟನೆ ಹಿಂದಕ್ಕೆಳೆದುಕೊಂಡರು. ಅದು ಸುಡುತ್ತಿತ್ತು.

ಕ್ಲಚ್ ಕೇಬಲ್ಲಿಗೂ ಕರೆಂಟಿಗೂ ಸಂಬಂಧವೇ ಇಲ್ಲ. ಆದರೂ ಅದು ಬಿಸಿಯಾಗಿತ್ತು ಎಂದರೆ, ಸೆಲ್ಫ್ ಮೋಟಾರಿಗೆ ಹೋದ ಕರೆಂಟು ಬ್ಯಾಟರಿಗೆ ಮರಳುವ ತನ್ನ ದಾರಿ, ಅಂದರೆ ಮೈನಸ್ ಕೇಬಲ್, ಮುಚ್ಚಿಹೋಗಿದ್ದರಿಂದ ಕ್ಲಚ್ಚಿನ ಉಕ್ಕಿನ ತಂತಿಯನ್ನು ಹಿಡಿದು ಕಾರಿನ ಲೋಹದ ಮೈಗೆ (ಬಾಡಿಗೆ) ದಾಟುತ್ತಿತ್ತು. ಹೆದ್ದಾರಿಯಲ್ಲಿ ಸೇತುವೆ ಕುಸಿದಾಗ ಲಾರಿಗಳು ಗದ್ದೆಯ ಅಂಚಿನ ಮೇಲೆ ನುಗ್ಗುವ ಹಾಗೆ. ಬ್ಯಾಟರಿ ಬದಲಿಸುವಾಗ ಮೈನಸ್ ಕೇಬಲ್ ಅಲುಗಾಡಿ ಒಳಗೆ ಅಳಿದುಳಿದ ಎಳೆಗಳು ಒಂದಕ್ಕೊಂದು ತಾಗಿಕೊಂಡಿದ್ದವು, ನಾಲ್ಕು ದಿನದ ಸುಖ ಅದರದ್ದು. ಹಳೆಯ ಬ್ಯಾಟರಿ ಅಷ್ಟು ಹೊತ್ತಿಗೆ ಗುಜರಿಯ ತಕ್ಕಡಿ ಏರಿಯಾಗಿತ್ತು. ನೀವು ಆ ದುಡ್ಡನ್ನು ಉಳಿಸಿಕೊಳ್ಳಿ ಎಂಬುದೇ ಈ ಬರಹದ ಉದ್ದೇಶ.

ಮೊದಲು ಕಣ್ಣು, ಕಿವಿ, ಕೈ

ಹೆಡ್‌ಲೈಟ್ ಉರಿಸಿ ಗೋಡೆಯ ಮೇಲೆ ಬೆಳಕು ಬೀಳುವಂತೆ ಕಾರು ನಿಲ್ಲಿಸಿ, ಸೆಲ್ಫ್ ಹೊಡೆಯಿರಿ. ಬೆಳಕು ಪೂರ್ತಿ ನಂದಿ, ಒಳಗೆ ‘ಟಕ ಟಕ ಟಕ’ ಎಂಬ ಸದ್ದು ಕೇಳಿದರೆ ಬ್ಯಾಟರಿ ಖಾಲಿಯಾಗಿದೆ, ಇಲ್ಲವೇ ಬ್ಯಾಟರಿಯ ಮೇಲಿನ ಕ್ಲಾಂಪ್ (ಕೇಬಲ್ಲಿನ ತುದಿಯ ಹಿಡಿಕೆ) ಸರಿಯಾಗಿ ಹಿಡಿದಿಲ್ಲ. ಬೆಳಕು ಪ್ರಖರವಾಗಿಯೇ ಇದ್ದು ಯಾವ ಸದ್ದೂ ಬಾರದಿದ್ದರೆ ಕೀಲಿಯ ಸ್ವಿಚ್, ರಿಲೇ ಅಥವಾ ಸೆಲ್ಫ್ ಮೋಟಾರಿನ ತಲೆಯ ಮೇಲಿರುವ ಸೊಲೆನಾಯ್ಡ್ (ಮೋಟಾರಿಗೆ ಕರೆಂಟು ಹಾಯಿಸುವ ದೊಡ್ಡ ಸ್ವಿಚ್) ಕಡೆಗೆ ನೋಡಬೇಕು. ಬೆಳಕು ಹೆಚ್ಚೇನೂ ಮಂಕಾಗದೆ ಎಂಜಿನ್ ಮಾತ್ರ ಒದ್ದಾಡಿಕೊಂಡು ತಿರುಗಿದರೆ, ನಮ್ಮಲ್ಲಿ ಆದಂತೆ, ಎಂಜಿನ್ ಕಡೆಗೆ ಹೋಗುವ ದಪ್ಪ ಕೇಬಲ್ಲುಗಳ ಮೇಲೆ ಅನುಮಾನ ಪಡಿ.

ನಾಲ್ಕೈದು ಸಲ ಸೆಲ್ಫ್ ಹೊಡೆದ ಕೂಡಲೇ ಕೀಲಿ ತೆಗೆದು, ಎರಡೂ ಕ್ಲಾಂಪುಗಳನ್ನೂ ಕೇಬಲ್ಲುಗಳ ತುದಿಗಳನ್ನೂ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ಕರೆಂಟಿಗೆ ಅಡ್ಡಿ ಇರುವ ಕಡೆ ಬಿಸಿ ಇರುತ್ತದೆ. ಕ್ಲಾಂಪಿನ ಸುತ್ತ ಬಿಳಿ ಅಥವಾ ನೀಲಿ-ಹಸಿರು ಪುಡಿ ಬೆಳೆದಿದೆಯೇ? ಬಿಳಿಯದು ಹೆಚ್ಚಾಗಿ ಸೀಸದ ಸಲ್ಫೇಟ್, ನೀಲಿ-ಹಸಿರು ತಾಮ್ರದ್ದು. ನೀಲಿ ಕಂಡರೆ ಆ್ಯಸಿಡ್ ಆಗಲೇ ತಾಮ್ರವನ್ನು ಮುಟ್ಟಿದೆ ಎಂದು ತಿಳಿಯಿರಿ. ಆಮೇಲೆ ಕ್ಲಾಂಪಿನಿಂದ ಒಂದು ಗೇಣಿನವರೆಗೆ ಕೇಬಲ್ಲನ್ನು ಬೆರಳಲ್ಲಿ ಒತ್ತುತ್ತಾ ಹೋಗಿ. ಒಳ್ಳೆಯ ಕೇಬಲ್ ಬಳ್ಳಿಯ ಹಾಗೆ ಬಾಗುತ್ತದೆ. ಒಳಗೆ ಕೊಳೆತದ್ದು ಉಬ್ಬಿರುತ್ತದೆ, ಬಗ್ಗಿಸಿದರೆ ಹಪ್ಪಳ ಮುರಿದಂತೆ ಕರಕರ ಎನ್ನುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆಯೇ ತಾಮ್ರದ ಎಳೆಗಳ ಸಂದಿನಲ್ಲಿ ಆ್ಯಸಿಡ್ ಒಳಕ್ಕೆ ಏರುತ್ತದೆ. ಹೊರಗಿನ ಕಪ್ಪು ಹೊದಿಕೆ ಮಾತ್ರ ಹೊಸತರಂತೆಯೇ ಕಾಣುತ್ತಿರುತ್ತದೆ.

ಮೀಟರ್ ಹಿಡಿದು ಸಾಬೀತು ಮಾಡಿ

ಅನುಮಾನದ ಮೇಲೆ ಸಾಮಾನು ಬದಲಿಸಬಾರದು ಎಂಬ ಪಾಠವನ್ನು ಒಂದು ಬ್ಯಾಟರಿಯ ಬೆಲೆ ಕೊಟ್ಟು ಕಲಿತವನು ನಾನು. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಅದನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಓಮ್ ಗುರುತಿಗಾಗಲಿ, ‘ಬೀಪ್’ ಎನ್ನುವ ಕಂಟಿನ್ಯೂಟಿಗಾಗಲಿ ಹೋಗಬೇಡಿ. ಅಲ್ಲಿ ಮೀಟರ್ ಕೇಬಲ್ಲಿನೊಳಗೆ ಕಳಿಸುವುದು ಮಿಲಿ ಆಂಪಿಯರ್ ಲೆಕ್ಕದ ಕರೆಂಟು. ನೂರಾರು ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಅದು ‘ಬೀಪ್’ ಎಂದು ಸರ್ಟಿಫಿಕೇಟ್ ಕೊಟ್ಟುಬಿಡುತ್ತದೆ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಕೂಡ ನೂರು ಆಂಪಿಯರ್ ಆಸುಪಾಸು, ಕೆಲವೊಮ್ಮೆ ಅದನ್ನೂ ಮೀರಿ ಎಳೆಯುತ್ತದೆ. ಕೇಬಲ್ಲಿನ ಬಣ್ಣ ಬಯಲಾಗುವುದು ಆ ಹೊರೆ ಹೊತ್ತಾಗಲೇ.

ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಎಂಜಿನ್ ಸ್ಟಾರ್ಟ್ ಆಗಿಬಿಟ್ಟರೆ ಅಳತೆ ಸಿಗುವುದಿಲ್ಲ, ಆದ್ದರಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ಫ್ಯೂಸ್ ತೆಗೆದಿಡಿ. ಅದು ಯಾವುದು ಎಂಬ ಚಿತ್ರ ಸಾಮಾನ್ಯವಾಗಿ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲೋ ಕಾರಿನ ಕೈಪಿಡಿಯಲ್ಲೋ ಇರುತ್ತದೆ. ಮನೆಯವರೊಬ್ಬರನ್ನು ಕೀಲಿಯ ಬಳಿ ಕೂರಿಸಿ. ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ನಡುವೆ ಒಂದು ನಿಮಿಷ ಬಿಡುವು ಕೊಡಬೇಕು. ಮೀಟರಿನ ವಯರುಗಳು ಫ್ಯಾನಿಗೂ ಬೆಲ್ಟಿಗೂ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ.

ಮೊದಲ ಅಳತೆ ಬ್ಯಾಟರಿಯದ್ದು, ಅದರ ಮೇಲೆ ಎದ್ದು ನಿಂತ ಪ್ಲಸ್, ಮೈನಸ್ ಸೀಸದ ಗೂಟಗಳ ನಡುವೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಅರ್ಧ ಖಾಲಿ ಬ್ಯಾಟರಿಯಿಂದ ಮುಂದಿನ ಯಾವ ಪರೀಕ್ಷೆಯೂ ನಿಜ ಹೇಳುವುದಿಲ್ಲ, ಮೊದಲು ಚಾರ್ಜ್ ಮಾಡಿಸಿ. ಬಳಿಕ ಸೆಲ್ಫ್ ಹೊಡೆಯುವಾಗ ಅದೇ ಎರಡು ಗೂಟಗಳ ನಡುವೆ ನೋಡಿ. ಅದು 9.6 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲಿನ ಆರೋಪಕ್ಕೆ ಆಧಾರವಿದೆ. ನನ್ನ ಕಾರಿನಲ್ಲಿ 11.6 ಇತ್ತು. ಇದನ್ನು ನೋಡಿ ‘ಆಹಾ, ಬಲಶಾಲಿ ಬ್ಯಾಟರಿ’ ಎಂದು ಸಂತೋಷಪಡುವ ಹಾಗಿಲ್ಲ. ಎಂಜಿನ್ ಒದ್ದಾಡುತ್ತಿರುವಾಗಲೂ ಬ್ಯಾಟರಿ ಇಷ್ಟು ನಿರಾಳವಾಗಿದೆ ಎಂದರೆ ಅದರಿಂದ ಕರೆಂಟು ಬೇಕಾದಷ್ಟು ಹೊರಗೆ ಹೋಗುತ್ತಿಲ್ಲ, ದಾರಿಯಲ್ಲಿ ಯಾರೋ ಅಡ್ಡ ನಿಂತಿದ್ದಾರೆ ಎಂದರ್ಥ.

ಎರಡನೆಯ ಅಳತೆಯಲ್ಲಿ ಆ ಅಡ್ಡಿ ಸಿಕ್ಕಿಬೀಳುತ್ತದೆ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗೂಟದ ಸೀಸದ ಮೇಲೆಯೇ ಒತ್ತಿ ಹಿಡಿಯಿರಿ, ಕ್ಲಾಂಪಿನ ಮೇಲಲ್ಲ. ಕೆಂಪು ಕಡ್ಡಿಯನ್ನು ಎಂಜಿನ್ನಿನ ಬಣ್ಣವಿಲ್ಲದ, ಒರಸಿದ ಲೋಹದ ಮೇಲೆ ಇಡಿ. ಸೆಲ್ಫ್ ಹೊಡೆಯಿರಿ. 0.2 ವೋಲ್ಟ್‌ನೊಳಗೆ ಇದ್ದರೆ ಮೈನಸ್ ದಾರಿ ಸರಿಯಿದೆ. ನನಗೆ ಕಂಡದ್ದು 3.1. ಅಷ್ಟು ಕೇಬಲ್ಲಿನಲ್ಲೇ ಸೋರಿಹೋದರೆ ಸೆಲ್ಫ್ ಮೋಟಾರಿಗೆ ಎಂಟು ವೋಲ್ಟ್ ಚಿಲ್ಲರೆ ಮಾತ್ರ ಸಿಗುತ್ತದೆ. ಆ ಹೊತ್ತಿಗೆ 80 ಆಂಪಿಯರ್ ಹರಿದಿದೆ ಎಂದು ಹಿಡಿದರೂ ದಾರಿಯಲ್ಲಿ ಸುಮಾರು 250 ವಾಟ್ ಶಾಖವಾಗಿ ಹೋಗುತ್ತಿತ್ತು. ಭಾವನ ಕೈ ಸುಟ್ಟದ್ದು ಅದರದೇ ಒಂದು ಪಾಲಿನಿಂದ.

ಇನ್ನು ಹೆಜ್ಜೆ ಹೆಜ್ಜೆಯಾಗಿ ಹುಡುಕಿ. ಗೂಟದಿಂದ ಕ್ಲಾಂಪಿಗೆ: 0.04. ಕ್ಲಾಂಪಿನಿಂದ ಗೇರ್ ಬಾಕ್ಸಿನ ಬಳಿಯ ಲಗ್‌ಗೆ (ಬೋಲ್ಟಿಗೆ ಬಿಗಿಯಲು ಕೇಬಲ್ಲಿನ ತುದಿಯಲ್ಲಿರುವ ತೂತಿನ ಲೋಹದ ತುಂಡು): 2.9. ಲಗ್‌ನಿಂದ ಗೇರ್ ಬಾಕ್ಸಿನ ಮೈಗೆ: 0.15. ಕಳ್ಳ ಕೇಬಲ್ಲಿನ ಹೊಟ್ಟೆಯಲ್ಲೇ ಇದ್ದಾನೆ, ಬೋಲ್ಟಿನ ಬುಡದಲ್ಲಿ ಅವನ ತಮ್ಮನೂ ಇದ್ದಾನೆ. ದೊಡ್ಡ ಸಂಖ್ಯೆ ಗೂಟಕ್ಕೂ ಕ್ಲಾಂಪಿಗೂ ನಡುವೆ ಸಿಕ್ಕರೆ ನೀವು ಪುಣ್ಯವಂತರು, ಬಿಚ್ಚಿ ಉಜ್ಜಿ ಬಿಗಿದರೆ ಕೆಲಸ ಮುಗಿಯಿತು. ಪ್ಲಸ್ ದಾರಿಯನ್ನೂ ಇದೇ ರೀತಿ ಪ್ಲಸ್ ಗೂಟದಿಂದ ಸೆಲ್ಫ್ ಮೋಟಾರಿನ ದಪ್ಪ ಕೇಬಲ್ ಕೂತ ಬೋಲ್ಟಿನವರೆಗೆ ಅಳೆಯಬಹುದು. ಅಲ್ಲಿ ಅರ್ಧ ವೋಲ್ಟ್ ದಾಟಬಾರದು.

ಮೀಟರ್ ಇಲ್ಲದವರಿಗೂ ಒಂದು ಉಪಾಯವಿದೆ. ಜಂಪರ್ ಕೇಬಲ್ಲಿನ ಕಪ್ಪು ವಯರಿನ ಒಂದು ತುದಿಯನ್ನು ಎಂಜಿನ್ನಿನ ಗಟ್ಟಿ ಲೋಹಕ್ಕೆ, ಇನ್ನೊಂದನ್ನು ಮೈನಸ್ ಗೂಟಕ್ಕೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಎಂಜಿನ್ ಒಮ್ಮೆಲೇ ಚುರುಕಾಗಿ ತಿರುಗಿದರೆ ಮೈನಸ್ ಕೇಬಲ್ ಹಾಳಾಗಿದೆ. ಕೆಂಪು ವಯರನ್ನು ಮುಟ್ಟಲೇ ಬೇಡಿ, ಈ ಪರೀಕ್ಷೆಯಲ್ಲಿ ಅದಕ್ಕೆ ಕೆಲಸವಿಲ್ಲ.

ಕೇಬಲ್ ತರುವುದು

ನಿಮ್ಮ ಕಾರಿಗೆಂದೇ ತಯಾರಾದ ಕೇಬಲ್ ಸಿಕ್ಕರೆ ಅದನ್ನೇ ತನ್ನಿ, ಬುದ್ಧಿವಂತಿಕೆ ಬೇಡ. ನಮ್ಮದಕ್ಕೆ ಮೂರು ವಾರ ಕಾಯಬೇಕು ಎಂದದ್ದರಿಂದ ನಾನು ಮಾಡಿಸಿದೆ. ನಮ್ಮ ಕಾರಿನಲ್ಲಿ ಮೈನಸ್ ಕ್ಲಾಂಪಿನಿಂದ ಎರಡು ಕವಲು ಹೊರಡುತ್ತವೆ. ಒಂದು ಪಕ್ಕದಲ್ಲೇ ಬಾಡಿಗೆ ಹೋಗುತ್ತದೆ, ದಪ್ಪನೆಯ ಇನ್ನೊಂದು ಗೇರ್ ಬಾಕ್ಸಿಗೆ ಇಳಿಯುತ್ತದೆ. ಎರಡೂ ಬೇಕು. ದಪ್ಪದ್ದನ್ನು ಮಾತ್ರ ಹಾಕಿ ಸಣ್ಣದನ್ನು ಮರೆತರೆ ಈ ಸಲ ಹೆಡ್‌ಲೈಟು, ಹಾರನ್ನುಗಳ ಕರೆಂಟು ಕ್ಲಚ್ ಕೇಬಲ್ಲಿನ ಮೇಲೆ ಸವಾರಿ ಮಾಡುತ್ತದೆ.

ದಪ್ಪ ಕವಲಿಗೆ ವೆಲ್ಡಿಂಗ್ ಕೇಬಲ್ ತುಂಬ ಚೆನ್ನಾಗಿ ಒಗ್ಗುತ್ತದೆ. ಸಣ್ಣ ಸಣ್ಣ ಎಳೆಗಳಿರುವುದರಿಂದ ಎಂಜಿನ್ನಿನ ಅದುರಾಟವನ್ನು ತಾಳಿಕೊಳ್ಳುತ್ತದೆ, ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ನಾನು ತಂದದ್ದು 25 ಚದರ ಮಿಲಿಮೀಟರಿನ ಅಪ್ಪಟ ತಾಮ್ರದ್ದು. ಅದರ ಒಂದು ಮೀಟರ್ ಉದ್ದದಲ್ಲಿ 150 ಆಂಪಿಯರ್ ಹರಿದರೂ ಕಳೆದುಹೋಗುವುದು 0.1 ವೋಲ್ಟ್ ಮಾತ್ರ. ಹಳೆಯದಕ್ಕಿಂತ ಸಪೂರವಾದದ್ದನ್ನು ಎಂದೂ ಹಾಕಬಾರದು, ಸ್ವಲ್ಪ ದಪ್ಪವಾದರೆ ತೊಂದರೆಯಿಲ್ಲ. ದಪ್ಪ ಎಂದಾಗ ತುದಿ ಕತ್ತರಿಸಿ ತಾಮ್ರವನ್ನು ನೋಡಿ, ಮೇಲಿನ ಕೋಟನ್ನು ನೋಡಿ ಮರುಳಾಗಬೇಡಿ. ಒಂದು ಎಳೆಯನ್ನು ಚಾಕುವಿನಿಂದ ಕೆರೆದೂ ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಅಂಗಡಿಯವರಿಗೇ ಬಿಟ್ಟು ಬನ್ನಿ.

ತುದಿಗಳಿಗೆ ತವರ ಲೇಪಿಸಿದ ತಾಮ್ರದ ಲಗ್ ಬೇಕು. ಅದು ಕೇಬಲ್ಲಿನ ಅಳತೆಯದೇ ಆಗಿರಲಿ, ತೂತು ಬೋಲ್ಟಿಗೆ ಸರಿಹೊಂದಲಿ. ಸುತ್ತಿಗೆಯಲ್ಲಿ ಜಜ್ಜಿದ ಲಗ್ ಆರು ತಿಂಗಳೂ ಬಾಳುವುದಿಲ್ಲ. ಬರೀ ಬೆಸುಗೆಯ ಮೇಲೂ ಭರವಸೆ ಇಡಬೇಡಿ, ಕೂಡಿಕೆ ಬಿಸಿಯೇರಿದರೆ ಬೆಸುಗೆ ಮೆತ್ತಗಾಗುತ್ತದೆ. ಲಗ್ಗನ್ನು ಕೇಬಲ್ಲಿಗೆ ಒತ್ತಿ ಕಚ್ಚಿಸುವ ಕ್ರಿಂಪಿಂಗ್ ಟೂಲ್ ನಮ್ಮ ಮನೆಯಲ್ಲಿ ಇರುವುದಿಲ್ಲ, ಆದರೆ ಬೋರ್‌ವೆಲ್ ಪಂಪು ಮತ್ತು ಪ್ಯಾನೆಲ್ ಕೆಲಸ ಮಾಡುವವರ ಬಳಿ ಇದ್ದೇ ಇರುತ್ತದೆ. ಒಂದು ಚಹಾದ ಹೊತ್ತಿನಲ್ಲಿ ಒತ್ತಿ ಕೊಡುತ್ತಾರೆ. ಒತ್ತಿದ ಜಾಗದ ಮೇಲೆ ಒಳಬದಿಯಲ್ಲಿ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿದರೆ ನೀರೂ ಉಪ್ಪೂ ಒಳಗಿಳಿಯುವುದಿಲ್ಲ. ಉದ್ದವನ್ನು ಹುರಿಹಗ್ಗ ಹಿಡಿದು ಅಳೆದು ಎರಡು ಇಂಚು ಸಡಿಲ ಬಿಡಿ, ಎಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ಅಲ್ಲಾಡುತ್ತದಲ್ಲ.

ಕ್ಲಾಂಪ್ ಕೊಳ್ಳುವಾಗ ಒಂದು ಎಚ್ಚರ. ನಮ್ಮ ಬಹಳಷ್ಟು ಸಣ್ಣ ಕಾರುಗಳ ಬ್ಯಾಟರಿಯ ಗೂಟ ಸಪೂರ, ದೊಡ್ಡ ಗಾಡಿಗಳದ್ದು ದಪ್ಪ. ಒಂದೇ ಬ್ಯಾಟರಿಯಲ್ಲೂ ಮೈನಸ್ ಗೂಟಕ್ಕಿಂತ ಪ್ಲಸ್ ಗೂಟ ತುಸು ದಪ್ಪ. ಅಳತೆ ತಪ್ಪಿದ ಕ್ಲಾಂಪನ್ನು ಮೊಳೆ, ತಗಡಿನ ಚೂರು, ಸಿಗರೇಟ್ ಪೊಟ್ಟಣದ ಬೇಗಡೆ ತುರುಕಿ ಬಿಗಿಮಾಡಿದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮುಂದಿನ ಮಳೆಗಾಲಕ್ಕೆ ಅದೇ ದೋಷ ಅವರನ್ನು ಹುಡುಕಿಕೊಂಡು ಬಂದದ್ದನ್ನೂ ಕಂಡಿದ್ದೇನೆ.

ಬಿಚ್ಚುವ ಮೊದಲು

ಉಂಗುರ, ಕಡಗ, ಗಡಿಯಾರ, ಕತ್ತಿನ ಸರ ಎಲ್ಲವೂ ಒಳಗೆ ದೇವರ ಕೋಣೆಯಲ್ಲಿರಲಿ. ಹನ್ನೆರಡು ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಪ್ಲಸ್ಸಿಗೂ ಬಾಡಿಗೂ ನಡುವೆ ಸಿಕ್ಕ ಉಂಗುರ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಬೆರಳಿನಿಂದ ಅದನ್ನು ತೆಗೆಯಲೂ ಆಗುವುದಿಲ್ಲ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಬ್ಯಾಟರಿಯ ಒಳಗಿರುವುದು ಸಲ್ಫ್ಯೂರಿಕ್ ಆ್ಯಸಿಡ್. ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ಬಿಡದೆ ನೀರು ಹರಿಸಿ, ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ 4ರಷ್ಟಾದರೂ ಒಂದು ಕಿಡಿ ಸಾಕು. ಆದ್ದರಿಂದ ಆಗ ತಾನೇ ಓಡಿಸಿ ತಂದ ಕಾರಿಗೆ ಕೈಹಾಕಬೇಡಿ, ಅರ್ಧ ಗಂಟೆ ಬಾನೆಟ್ ತೆರೆದಿಡಿ. ಬೀಡಿ ಸಿಗರೇಟಿನವರನ್ನು ಅಂಗಳದ ಆಚೆಗೆ ಕಳಿಸಿ.

ರೇಡಿಯೋ ಕೋಡ್ ಕೇಳುವಂಥದ್ದಾದರೆ ಕೋಡ್ ಬರೆದಿಟ್ಟುಕೊಳ್ಳಿ. ಕೀಲಿ ನಿಮ್ಮ ಜೇಬಿನಲ್ಲಿರಲಿ, ಒಂದು ಕಿಟಕಿ ಇಳಿದಿರಲಿ. ಕರೆಂಟು ಹೋಗಿ ಬರುವಾಗ ಸೆಂಟ್ರಲ್ ಲಾಕ್ ತಾನಾಗಿಯೇ ಬಿದ್ದು ಕೀಲಿ ಒಳಗುಳಿದ ಪ್ರಸಂಗಗಳಿವೆ. ಹೈಬ್ರಿಡ್ ಅಥವಾ ವಿದ್ಯುತ್ ಕಾರಾದರೆ ಇಲ್ಲಿಗೇ ನಿಲ್ಲಿಸಿ, ಕಿತ್ತಳೆ ಬಣ್ಣದ ಕೇಬಲ್ಲುಗಳು ನೂರಾರು ವೋಲ್ಟಿನವು. ಮೈನಸ್ ಕ್ಲಾಂಪಿನ ಮೇಲೆ ಸಣ್ಣ ಸೆನ್ಸರ್ ಪೆಟ್ಟಿಗೆ ಕೂತಿರುವ ಹೊಸ ಕಾರುಗಳಲ್ಲಿಯೂ ವೆಲ್ಡಿಂಗ್ ಕೇಬಲ್ಲಿನ ಪ್ರಯೋಗ ಬೇಡ.

ಮೈನಸ್ ಮೊದಲು, ಕೂರಿಸುವಾಗ ಮೈನಸ್ ಕೊನೆಗೆ

ಮನೆಯಲ್ಲಿ ಮಾಡುವವರು ಹೆಚ್ಚು ತಪ್ಪುವುದು ಇಲ್ಲೇ, ಆದ್ದರಿಂದ ಕಾರಣವನ್ನು ತಿಳಿದುಕೊಳ್ಳಿ. ಕಾರಿನ ಬಾಡಿ, ಎಂಜಿನ್ನು, ಬಾನೆಟ್ಟು ಎಲ್ಲವೂ ಮೈನಸ್. ನೀವು ಪ್ಲಸ್ ನಟ್ ಬಿಚ್ಚುತ್ತಿರುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಆ ಸ್ಪ್ಯಾನರಿನಲ್ಲೇ ಹರಿಯುತ್ತದೆ. ಮೈನಸ್ ಮೊದಲೇ ಕಳಚಿದ್ದರೆ ಅದೇ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ, ಸುತ್ತು ಪೂರ್ತಿಯಾಗುವುದೇ ಇಲ್ಲ.

ಹೆಚ್ಚಿನ ಕ್ಲಾಂಪುಗಳಿಗೆ 10ರ ಸ್ಪ್ಯಾನರ್ ಹೊಂದುತ್ತದೆ. ನಟ್ ಸಡಿಲಿಸಿ, ಕ್ಲಾಂಪನ್ನು ಕೈಯಲ್ಲಿ ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ತಿರುಚುತ್ತಾ ಮೇಲೆತ್ತಿ. ಕಚ್ಚಿಕೊಂಡಿದ್ದರೆ ಸ್ಕ್ರೂಡ್ರೈವರ್ ಮೀಟಿ ಎಬ್ಬಿಸಬೇಡಿ, ಗೂಟದ ಬುಡ ಬಿರಿದರೆ ಆ್ಯಸಿಡ್ ಅಲ್ಲಿಂದಲೇ ಜಿನುಗತೊಡಗುತ್ತದೆ. ಕ್ಲಾಂಪಿನ ಸೀಳನ್ನು ತುಸು ಅಗಲಿಸಿದರೆ ತಾನೇ ಬರುತ್ತದೆ. ಬಂದ ಕ್ಲಾಂಪ್ ಸ್ಪ್ರಿಂಗಿನಂತೆ ಮತ್ತೆ ಗೂಟದ ಮೇಲೆ ಹೋಗಿ ಕೂರುವುದುಂಟು. ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಅದಕ್ಕೆ ತೊಡಿಸಿ ಪಕ್ಕಕ್ಕೆ ಕಟ್ಟಿಬಿಡಿ. ಏರ್‌ಬ್ಯಾಗ್ ಇರುವ ಕಾರಾದರೆ ಮುಂದಿನ ಕೆಲಸಕ್ಕೆ ಮೊದಲು ಕೈಪಿಡಿ ಹೇಳಿದಷ್ಟು ನಿಮಿಷ ಕಾಯಿರಿ.

ಪ್ಲಸ್ಸನ್ನು ಬಿಚ್ಚುವ ಅಗತ್ಯ ಇಲ್ಲದಿದ್ದರೆ ಬಿಚ್ಚಬೇಡಿ, ಅದರ ಮೇಲೂ ಒಂದು ಟ್ಯೂಬಿನ ತುಂಡು ಹೊದಿಸಿ. ನಮ್ಮಲ್ಲಿ ಏರ್ ಫಿಲ್ಟರ್ ಪೆಟ್ಟಿಗೆ ಕಳಚಿದರೆ ಗೇರ್ ಬಾಕ್ಸಿನ ಬೋಲ್ಟ್ ಮೇಲಿನಿಂದಲೇ ಕೈಗೆ ಸಿಗುತ್ತದೆ. ನಿಮ್ಮದರಲ್ಲಿ ಕೆಳಗೆ ನುಗ್ಗಬೇಕಾದರೆ ಬರೀ ಜಾಕನ್ನು ನಂಬಿ ನುಗ್ಗಬೇಡಿ, ಆ ಒಂದು ಬೋಲ್ಟಿನ ಕೆಲಸವನ್ನು ಗ್ಯಾರೇಜಿಗೆ ಬಿಡಿ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಬೆಳಗ್ಗೆ ಬೈಗುಳ ಕಡಿಮೆಯಾಗುತ್ತದೆ.

ಹಳೆಯ ಕೇಬಲ್ಲನ್ನು ಹೊರತಂದು ಬ್ಲೇಡಿನಿಂದ ಸೀಳಿದೆ. ಕ್ಲಾಂಪಿನಿಂದ ಸುಮಾರು ಒಂದು ಗೇಣು ಉದ್ದಕ್ಕೆ ತಾಮ್ರವೇ ಇರಲಿಲ್ಲ, ಹಸಿರು ಹುಡಿ ಉದುರಿತು. ಅದರ ನಡುವೆ ಕಪ್ಪಾದ ಹತ್ತಿಪ್ಪತ್ತು ಎಳೆಗಳು ಉಳಿದಿದ್ದವು. ಮೇಲಿನಿಂದ ನೋಡಿದರೆ ಲಕ್ಷಣವಾಗಿಯೇ ಇದ್ದ ಕೇಬಲ್ ಅದು.

ಹೊಸದನ್ನು ಕೂರಿಸುವುದು

ಗೇರ್ ಬಾಕ್ಸಿನ ಮೇಲೆ ಲಗ್ ಕೂರುವ ಜಾಗವನ್ನು ಸ್ಯಾಂಡ್ ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ. ಬಾಡಿಯ ಕಡೆಯೂ ಹಾಗೆಯೇ, ಬಣ್ಣದ ಮೇಲೆ ಬಿಗಿದ ಲಗ್‌ನಿಂದ ಪ್ರಯೋಜನವಿಲ್ಲ. ಲಗ್ ನೇರವಾಗಿ ಲೋಹಕ್ಕೆ ತಾಗಬೇಕು, ವಾಷರ್ ಅದರ ಮೇಲೆ ಬರಬೇಕು. ಗೂಟದ ಸುತ್ತಲಿನ ಪುಡಿಗೆ ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡಾ ಕದಡಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಚ್ಚಿ. ನೊರೆ ನಿಲ್ಲುವವರೆಗೆ ಹಚ್ಚಿ, ತೊಳೆದು, ಒರಸಿ. ಬ್ಯಾಟರಿಯ ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ನೀರು ಒಳಗಿಳಿದರೆ ಆ್ಯಸಿಡ್ ಕೆಡುತ್ತದೆ.

ಮೊದಲು ಗೇರ್ ಬಾಕ್ಸಿನ ತುದಿ, ಅನಂತರ ಬಾಡಿಯ ತುದಿ, ಕೊನೆಗೆ ಬ್ಯಾಟರಿಯ ಮೇಲಿನ ಕ್ಲಾಂಪ್. ಪ್ಲಸ್ಸನ್ನು ಬಿಚ್ಚಿದ್ದರೆ ಮೈನಸ್ ಕ್ಲಾಂಪಿಗೆ ಮೊದಲು ಅದನ್ನು ಕೂರಿಸಿ. ಕ್ಲಾಂಪ್ ಗೂಟದ ಬುಡದವರೆಗೆ ಇಳಿಯಬೇಕು. ಸುತ್ತಿಗೆ ಬೇಡ, ಇಳಿಯದಿದ್ದರೆ ಸೀಳನ್ನು ಅಗಲಿಸಿ. ಸೀಸ ಮೆತ್ತನೆಯ ಲೋಹ, ಸಣ್ಣ ಸ್ಪ್ಯಾನರನ್ನು ಮಣಿಕಟ್ಟಿನ ಬಲದಲ್ಲಿ ಬಿಗಿದರೆ ಸಾಕು. ಕೈಯಲ್ಲಿ ತಿರುಚಿದರೆ ಕ್ಲಾಂಪ್ ಕದಲಬಾರದು, ಅಷ್ಟೇ. ಬಿಗಿದ ಮೇಲೆ ಮೇಲಿನಿಂದ ವ್ಯಾಸಲಿನ್ ಸವರಿ. ಮೈನಸ್ ತಾಗಿಸುವಾಗ ಸಣ್ಣ ಕಿಡಿ ಕಂಡರೆ ಗಾಬರಿ ಬೇಡ, ಕಾರಿನೊಳಗಿನ ಸಣ್ಣಪುಟ್ಟ ಉಪಕರಣಗಳು ಎಚ್ಚರಗೊಳ್ಳುತ್ತಿವೆ. ಪಟ್ಟನೆ ದೊಡ್ಡ ಕಿಡಿ ಹಾರಿದರೆ ಮಾತ್ರ ಹಿಂದೆಗೆದು, ಏನಾದರೂ ಉರಿಯುತ್ತಿದೆಯೇ, ಪ್ಲಸ್ ಎಲ್ಲಾದರೂ ಬಾಡಿಗೆ ತಾಗಿದೆಯೇ ನೋಡಿ.

ಪ್ಲಸ್ ಕೇಬಲ್ಲಿನ ವಿಷಯದಲ್ಲಿ ನಾನು ಅಂಜುಬುರುಕ. ಅನೇಕ ಕಾರುಗಳಲ್ಲಿ ಬ್ಯಾಟರಿಯಿಂದ ಸೆಲ್ಫ್ ಮೋಟಾರಿಗೆ ಹೋಗುವ ದಪ್ಪ ಕೇಬಲ್ಲಿಗೆ ಫ್ಯೂಸೇ ಇರುವುದಿಲ್ಲ. ಅದು ಸೈಲೆನ್ಸರ್ ಕೊಳವೆಗೋ ಬಾಡಿಯ ಅಂಚಿಗೋ ಉಜ್ಜಿ ಹೊದಿಕೆ ಹರಿದರೆ ಬೆಂಕಿಯೇ ಗತಿ. ಮೂಲ ಕೇಬಲ್ ಸಿಕ್ಕರೆ, ಹಳೆಯದು ಹೋದ ದಾರಿಯಲ್ಲೇ, ಅವೇ ಕ್ಲಿಪ್ಪುಗಳಲ್ಲಿ ಕೂರಿಸಬಲ್ಲೆನೆಂದರೆ ಮಾಡಿ. ಪ್ಲಸ್ ಕ್ಲಾಂಪಿಗೆ ಅಂಟಿಕೊಂಡಿರುವ ದಪ್ಪ ಫ್ಯೂಸುಗಳನ್ನು ಕತ್ತರಿಸಿ ‘ನೇರ’ ಜೋಡಿಸುವ ಕೆಲಸ ಮಾತ್ರ ಯಾರು ಹೇಳಿದರೂ ಬೇಡ.

ಮರುಪರೀಕ್ಷೆ

ಪಂಪಿನ ಫ್ಯೂಸ್ ಹಾಕುವ ಮೊದಲೇ ಮತ್ತೊಮ್ಮೆ ಅಳೆಯಿರಿ. ನನ್ನಲ್ಲಿ ಮೈನಸ್ ಗೂಟದಿಂದ ಎಂಜಿನ್ನಿಗೆ 3.1 ಇದ್ದದ್ದು 0.12ಕ್ಕೆ ಇಳಿಯಿತು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಗೂಟಗಳ ನಡುವೆ ಮೊದಲು 11.6 ಇದ್ದದ್ದು ಈಗ 10.4 ತೋರಿಸಿತು. ಭಾವನಿಗೆ ಗಾಬರಿ, “ಇನ್ನೂ ಕಡಿಮೆಯಾಯಿತಲ್ಲ!” ಕಡಿಮೆಯಾಗಲೇಬೇಕು. ದಾರಿ ತೆರೆದಿದೆ, ಮೋಟಾರು ತನ್ನ ಪಾಲಿನ ಕರೆಂಟನ್ನು ಈಗ ಪೂರ್ತಿ ಎಳೆದುಕೊಳ್ಳುತ್ತಿದೆ. ಕ್ಲಚ್ ಕೇಬಲ್ ತಣ್ಣಗಿತ್ತು. ಆದರೂ ಅಷ್ಟು ದಿನ ಕಾದ ತಂತಿಯ ಒಳಗಿನ ಪ್ಲಾಸ್ಟಿಕ್ ಕರಗಿ ಹಿಡಿದುಕೊಂಡಿರಬಹುದೆಂದು ಅದನ್ನೂ ಬದಲಿಸಿದೆ.

ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿದ ಮೇಲೆ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಒಳಗೆ ಸಿಕ್ಕರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಚೆನ್ನಾಗಿದೆ. ಮೊದಲ ಹತ್ತು ಹದಿನೈದು ನಿಮಿಷ ಎಂಜಿನ್ನಿನ ಐಡ್ಲಿಂಗ್ ಏರಿಳಿದರೆ ಹಾಗೇ ಬಿಡಿ, ಕಂಪ್ಯೂಟರ್ ತನ್ನ ಲೆಕ್ಕವನ್ನು ಹೊಸದಾಗಿ ಕಲಿಯುತ್ತಿರುತ್ತದೆ. ಮೈನಸ್ 0.2ರೊಳಗೆ, ಪ್ಲಸ್ ಅರ್ಧ ವೋಲ್ಟಿನೊಳಗೆ, ಬ್ಯಾಟರಿ ತುಂಬಿದ್ದು, ಆದರೂ ಸೆಲ್ಫ್ ನರಳುತ್ತಿದೆಯೇ? ಹಾಗಾದರೆ ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು, ಬುಷ್ ಹೋಗಿರಬಹುದು. ಮತ್ತೆ ಮೈನಸ್ ಕಳಚಿ, ಸೆಲ್ಫ್ ಮೋಟಾರನ್ನೇ ಬಿಚ್ಚಿ ರೀವೈಂಡಿಂಗ್ ಅಂಗಡಿಗೆ ಒಯ್ಯಿರಿ.